ರಾತ್ರಿ ಕರೆಂಟು ಮತ್ತು ಸಹಜ ನಿದ್ರೆಯ ಉಪದೇಶ



ಈಚೆಗೆ ಎಲ್ಲಿ ನೋಡಿದರೂ ನಿದ್ರೆಯ ಉಪದೇಶ. ಮಂಡಿ ನೋವು, ಸೊಂಟ ನೋವು, ಮೈಯೆಲ್ಲ ಸುಸ್ತು, ರಾತ್ರಿಯೆಲ್ಲ ಹೊರಳಾಟ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಹತ್ತು ಜನ ಹತ್ತು ಮದ್ದು ಹೇಳುತ್ತಾರೆ. ಬಿಸಿ ಹಾಲಿಗೆ ಜಾಯಿಕಾಯಿ ತೇಯ್ದು ಕುಡಿಯಿರಿ, ಗಸಗಸೆ ಪಾಯಸ ಮಾಡಿಸಿಕೊಳ್ಳಿ, ಅಂಗಾಲಿಗೆ ಎಣ್ಣೆ ತಿಕ್ಕಿ, ಅಶ್ವಗಂಧದ ಪುಡಿ ಸೇವಿಸಿ, ಒಂಬತ್ತಕ್ಕೆ ದೀಪವಾರಿಸಿ ಮಲಗಿ. ಎಲ್ಲವೂ ಸಹಜ, ಎಲ್ಲವೂ ನಿರಪಾಯ ಎಂಬ ಭರವಸೆ ಬೇರೆ. ಹಾಲಿನ ಮೇಲೂ ಪಾಯಸದ ಮೇಲೂ ನನಗೆ ಯಾವ ದ್ವೇಷವೂ ಇಲ್ಲ. ಆದರೆ ನಮ್ಮ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯ ತೆಂಗಿನ ತೋಟದವನೆದುರು ನಿಂತು ಹೀಗೆ ಉಪದೇಶಿಸುವವರಿಗೆ ನನ್ನದೊಂದು ಪ್ರಶ್ನೆಯಿದೆ. ಅವನ ಪಂಪಿಗೆ ತ್ರೀಫೇಸ್ ಕರೆಂಟು ಎಷ್ಟು ಗಂಟೆಗೆ ಬರುತ್ತದೆಂದು ಮೊದಲು ಕೇಳಿದಿರಾ?

ಕೇಳಿರುವುದಿಲ್ಲ. ಕೇಳಿದ್ದರೆ ಒಂಬತ್ತಕ್ಕೆ ಮಲಗಿ ಬೆಳಗಿನವರೆಗೆ ಏಳಬೇಡಿ ಎನ್ನಲು ನಾಲಗೆ ಏಳುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ದಿನಕ್ಕೆ 7 ಗಂಟೆ ತ್ರೀಫೇಸ್ ಎಂಬುದು ಸರ್ಕಾರದ ಮಾತು. ಆ ಏಳು ಗಂಟೆ ಯಾವಾಗ ಎಂಬುದೇ ಪ್ರಶ್ನೆ. ಹಲವು ಫೀಡರುಗಳಲ್ಲಿ ಇಂದಿಗೂ ಅದು ಪಾಳಿಯ ಲೆಕ್ಕ. ಒಂದು ಪಾಲು ಹಗಲು, ಮಿಕ್ಕ ಪಾಲು ರಾತ್ರಿ. ಇಲ್ಲವೇ ಒಂದು ವಾರ ಹಗಲು, ಮತ್ತೊಂದು ವಾರ ನಡುರಾತ್ರಿ. ನಡುವೆ ಟ್ರಾನ್ಸ್‌ಫಾರ್ಮರು ಸುಟ್ಟರೆ ಆ ಲೆಕ್ಕವೂ ಇಲ್ಲ. ರಾತ್ರಿ ಒಂದಕ್ಕೆ ಏಳು, ಟಾರ್ಚು ಹಿಡಿ, ತೋಟಕ್ಕೆ ನಡೆ, ಮೋಟಾರು ಹಾಕು, ಒಂದು ಸಾಲು ನೆನೆದ ಮೇಲೆ ವಾಲ್ವು ತಿರುಗಿಸು, ಕರೆಂಟು ಹೋದರೆ ಬರುವವರೆಗೆ ಬದುವಿನ ಮೇಲೆ ಕೂತಿರು. ಹಾವು, ಚೇಳು, ಕರಡಿಗಳ ಮಾತು ಒತ್ತಟ್ಟಿಗಿರಲಿ. 2019–20ರಲ್ಲಿ ಗುಬ್ಬಿ, ಕುಣಿಗಲ್ ಕಡೆ ಚಿರತೆಗಳು ಜನರನ್ನು ಕೊಂದಾಗ ಇಡೀ ಜಿಲ್ಲೆ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಹೆದರಿತ್ತು. ಆಗಲೂ ತೆಂಗು ನೀರು ಕೇಳುವುದನ್ನು ಬಿಟ್ಟಿರಲಿಲ್ಲ.

ಈಗ ಆ ಮೈಯ ಸ್ಥಿತಿಯನ್ನು ನೋಡಿ. ತೆಂಗಿನ ಕೆಲಸ ಹೊರಗಿನವರಿಗೆ ಸುಖದ ಬೇಸಾಯವಾಗಿ ಕಾಣುತ್ತದೆ. ನೆಟ್ಟರಾಯಿತು, ಬಿದ್ದ ಕಾಯಿ ಆರಿಸಿಕೊಂಡರಾಯಿತು ಎಂದು ಬೆಂಗಳೂರಿನಲ್ಲಿ ಹೇಳುವವರನ್ನು ಕೇಳಿದ್ದೇನೆ. ಕಾಯಿ ಹೊತ್ತು ಅಟ್ಟಕ್ಕೆ ಏರಿಸಬೇಕು. ಎಂಟು ಹತ್ತು ತಿಂಗಳು ಅಲ್ಲಿಯೇ ಒಣಗಿದ ಮೇಲೆ ಇಳಿಸಬೇಕು. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಎದೆಯ ಭಾರವನ್ನೆಲ್ಲ ಹಾಕಿ ಒಂದೊಂದನ್ನೂ ಸುಲಿಯಬೇಕು. ಚಿಪ್ಪು ಒಡೆದು ಉಂಡೆ ಕೊಬ್ಬರಿ ಚೂರಾಗದಂತೆ ತೆಗೆಯಬೇಕು. ತಿಪಟೂರಿನ ಮಾರುಕಟ್ಟೆಯಲ್ಲಿ ಅಷ್ಟು ಚೆಂದವಾಗಿ ಕಾಣುವ ಆ ಉಂಡೆಯ ಹಿಂದೆ ಕುಕ್ಕುರುಗಾಲಿನಲ್ಲಿ ದಿನಗಟ್ಟಲೆ ಕೂತ ಹೆಂಗಸರ ಮಂಡಿಗಳಿವೆ, ಗಂಡಸರ ಸೊಂಟಗಳಿವೆ. ಇದರ ಮೇಲೆ 2006ರ ಚಿಕೂನ್‌ಗುನ್ಯ. ಆ ವರ್ಷ ನಮ್ಮ ಸೀಮೆಯಲ್ಲಿ ನೆಟ್ಟಗೆ ನಡೆಯುವವರನ್ನು ಹುಡುಕಬೇಕಿತ್ತು. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಕೀಲು ನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯಿತು. ಅಂದು ನಲವತ್ತೈದರವರಾಗಿದ್ದವರು ಇಂದು ಅರವತ್ತು ದಾಟಿದ್ದಾರೆ. ತೋಟ ಅವರ ಕೈಯಲ್ಲೇ ಇದೆ, ಏಕೆಂದರೆ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. (ಅದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಆ ಮಕ್ಕಳೇ.)

ನೋವು ಮತ್ತು ನಿದ್ರೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ನೋವಿದ್ದರೆ ನಿದ್ರೆ ಕೆಡುತ್ತದೆಂಬುದು ಎಲ್ಲರಿಗೂ ಗೊತ್ತು. ನಿದ್ರೆ ಕೆಟ್ಟರೆ ಮರುದಿನ ಅದೇ ನೋವು ಹೆಚ್ಚಾಗಿ ಕಾಡುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ. ನಿದ್ರೆಗೆಟ್ಟ ದೇಹದಲ್ಲಿ ನೋವನ್ನು ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ನಿನ್ನೆ ಸಹಿಸಬಹುದಾಗಿದ್ದ ಸೊಂಟ ಇಂದು ಅಸಹನೀಯವಾಗುತ್ತದೆ. ಇದು ಪ್ರಯೋಗಗಳಿಂದ ಮತ್ತೆ ಮತ್ತೆ ದೃಢಪಟ್ಟ ಸಂಗತಿ. ನಮ್ಮ ಹಿರಿಯರಿಗೂ ಇದು ಹೊಸತಲ್ಲ. ಚರಕಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯ ಇವು ಮೂರನ್ನು ದೇಹವನ್ನು ಹಿಡಿದಿಡುವ ಆಧಾರಗಳೆನ್ನುತ್ತದೆ. ರಾತ್ರಿ ಜಾಗರಣೆ ದೇಹವನ್ನು ಒಣಗಿಸುತ್ತದೆಂದು ಎಚ್ಚರಿಸುತ್ತದೆ. ಚರಕನ ಹೆಸರು ಹೇಳಿ ಪುಡಿ ಮಾರುವವರು ಈ ಮಾತನ್ನು ಡಬ್ಬಿಯ ಮೇಲೆ ಏಕೆ ಅಚ್ಚು ಹಾಕಿಸುವುದಿಲ್ಲವೋ ತಿಳಿಯದು.

ಹಾಗಾದರೆ ಸಹಜವಾಗಿ ನಿದ್ರೆ ತರುವ ಉಪಾಯಗಳೇ ಇಲ್ಲವೇ? ಇವೆ. ಒಳ್ಳೆಯವೇ ಇವೆ, ದುಡ್ಡೂ ಬೇಡ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯನ್ನು ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿಯೇ ಹೇಳಿತು. ಸಿಬಿಟಿ-ಐ ಎಂದು ಅದಕ್ಕೆ ಹೆಸರು. ಬಹುಕಾಲದ ನೋವಿರುವವರಲ್ಲೂ ಅದು ಕೆಲಸ ಮಾಡುತ್ತದೆ. ಅದರ ತಿರುಳು ಬಹಳ ಸರಳ. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ಹಿಂದಿನ ರಾತ್ರಿ ಹೇಗೆಯೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ನಿದ್ರೆ ಬಾರದೆ ಹಾಸಿಗೆಯಲ್ಲಿ ಹೊರಳಬಾರದು. ಇಪ್ಪತ್ತು ನಿಮಿಷವಾಯಿತೆನ್ನಿಸಿದರೆ ಎದ್ದು ಮಂದ ಬೆಳಕಿನಲ್ಲಿ ಕೂತಿದ್ದು, ಕಣ್ಣು ಎಳೆದಾಗ ಮಾತ್ರ ಮತ್ತೆ ಮಲಗಬೇಕು. ಬರುವುದೇ ಐದಾರು ಗಂಟೆ ನಿದ್ರೆಯಾದರೆ ಒಂಬತ್ತು ಗಂಟೆ ಹಾಸಿಗೆ ಕಾಯುವುದರಿಂದ ನಿದ್ರೆ ಇನ್ನೂ ತೆಳುವಾಗುತ್ತದೆ. ನೋವಿದೆಯೆಂದು ಹಗಲೆಲ್ಲ ಮಲಗಿರುವುದೂ ತಪ್ಪು. ಕೀಲು ಮತ್ತಷ್ಟು ಬಿಗಿಯುತ್ತದೆ, ರಾತ್ರಿಗೆ ಉಳಿಯಬೇಕಾದ ನಿದ್ರೆಯೂ ಖರ್ಚಾಗುತ್ತದೆ. ಸುಸ್ತು ಬೆನ್ನು ಹತ್ತಿದವರು ಚೆನ್ನಾಗಿರುವ ದಿನ ಮೂರು ದಿನದ ಕೆಲಸ ಮಾಡಿ ಮರುದಿನ ಮೇಲೇಳದೆ ಬೀಳುವುದನ್ನು ಬಿಟ್ಟು, ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ಕೂತು ದುಡಿಯುವುದು ಮೇಲು. ಸಂಜೆ ನಾಲ್ಕರ ಮೇಲೆ ಕಾಫಿ ಟೀ ಬೇಡ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರು ಹಾಕಿಕೊಂಡರೆ ಸ್ನಾಯು ಸಡಿಲವಾಗುವುದಲ್ಲದೆ ಆಮೇಲೆ ಮೈ ತಂಪಾಗುವಾಗ ನಿದ್ರೆಯೂ ಬೇಗ ಹತ್ತುತ್ತದೆ. ನಮ್ಮ ಹಂಡೆ ಒಲೆಗಳಿಗೆ ಈ ವಿಜ್ಞಾನ ಮೊದಲೇ ಗೊತ್ತಿತ್ತೆನ್ನಬೇಕು. ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ, ಅಂಗಾತ ಮಲಗುವವರು ಮಂಡಿಯ ಕೆಳಗೆ ಒಂದು ದಿಂಬಿಟ್ಟರೆ ಸೊಂಟಕ್ಕೆ ಆರಾಮ.

ಎಲ್ಲವೂ ಸರಿ. ಆದರೆ ಒಂದನೆಯ ಸೂತ್ರವನ್ನೇ ಮತ್ತೊಮ್ಮೆ ಓದಿ: ಪ್ರತಿದಿನ ಒಂದೇ ಹೊತ್ತಿಗೆ ಏಳಬೇಕು. ಈ ವಾರ ಬೆಳಗಿನ ಐದಕ್ಕೆ, ಮುಂದಿನ ವಾರ ರಾತ್ರಿಯ ಒಂದಕ್ಕೆ ಏಳುವವನು ಇದನ್ನು ಪಾಲಿಸುವುದು ಹೇಗೆ? ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನಿಗೆ ಮರುದಿನ ರಜೆಯಾದರೂ ಉಂಟು. ಇವನು ನಾಲ್ಕಕ್ಕೆ ಬಂದು ಮಲಗಿ ಆರಕ್ಕೆ ಹಾಲು ಕರೆಯಬೇಕು, ಡೈರಿಗೆ ಹಾಕಬೇಕು. ರಾತ್ರಿ ಎಚ್ಚರವಿದ್ದವರು ಹಗಲು ಮಲಗಬಹುದೆಂದು ಚರಕನೇ ವಿನಾಯಿತಿ ಕೊಟ್ಟಿದ್ದಾನೆ. ನಮ್ಮೂರಿನ ದಿನಚರಿ ಕೊಟ್ಟಿಲ್ಲ. ಗಂಡ ಟಾರ್ಚು ಹಿಡಿದು ಹೋದ ಮೇಲೆ ಅವನು ಮರಳಿ ಬಂದ ಸದ್ದು ಕೇಳುವವರೆಗೆ ಕಣ್ಣು ಮುಚ್ಚದ ಹೆಂಡತಿಯ ನಿದ್ರೆಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮಕ್ಕಳದ್ದೂ ಅಷ್ಟೇ. ಹತ್ತನೆಯ ತರಗತಿಯ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗರು ಪ್ರತಿ ವರ್ಷ ಬೇಸಿಗೆ ಹತ್ತಿರವಾದಂತೆ ಹೆಚ್ಚುತ್ತಿದ್ದರು. ಅವರ ಪ್ಯಾಂಟಿನ ಅಂಚಿಗೆ ಹತ್ತಿದ್ದ ಕೆಸರೇ ಕಾರಣ ಹೇಳುತ್ತಿತ್ತು: ಅಪ್ಪನಿಗೆ ಸೊಂಟ ಹಿಡಿದಿದೆ, ಮಗ ವಾಲ್ವು ತಿರುಗಿಸಲು ಹೋಗಿದ್ದಾನೆ. ಮರುವಾರ ಪರೀಕ್ಷೆ.

ನಿದ್ರೆ ಬಾರದಿದ್ದಾಗ ಸುಲಭವಾಗಿ ಸಿಗುವುದು ಮಾತ್ರೆ. ಅಲ್ಪ್ರಾಜೋಲಾಮ್‌ನಂಥ ನಿದ್ರೆ ಮಾತ್ರೆಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ದಾಖಲಿಸಿಡಬೇಕು. ಚೀಟಿಯಿಲ್ಲದೆ ತಂದು ನುಂಗುವವರನ್ನು ನಾನು ಬಲ್ಲೆ. ವಯಸ್ಸಾದವರು ಇವನ್ನು ನುಂಗಿ ರಾತ್ರಿ ಎದ್ದು ಬಿದ್ದರೆ ಸೊಂಟದ ಮೂಳೆಯೇ ಮುರಿಯುತ್ತದೆ. ತಿಂಗಳುಗಟ್ಟಲೆ ನುಂಗುತ್ತಿರುವವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ವೈದ್ಯರನ್ನು ಕೇಳಿಯೇ ಮೆಲ್ಲಗೆ ಇಳಿಸಬೇಕು. ಇನ್ನು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ‘ಗಿಡಮೂಲಿಕೆ’ ಎಂದು ಮಾರುವ ಕೀಲುನೋವಿನ ಪುಡಿ ಎರಡೇ ದಿನಕ್ಕೆ ಪವಾಡ ಮಾಡಿದರೆ ಹಿಗ್ಗಬೇಡಿ, ಅನುಮಾನಿಸಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾಗಿರುವುದುಂಟು. ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಲ್ಲುವವರು, ಕಾಲು ಸೋಲುವವರು, ಜ್ವರದೊಡನೆ ತೂಕ ಇಳಿಯುವವರು, ಅಂಗಾಲು ಉರಿಯುವ ಸಕ್ಕರೆ ಕಾಯಿಲೆಯವರು ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಲಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಸುಸ್ತಿನ ವೇಷದಲ್ಲಿ ಬರುತ್ತವೆ.

ಮತ್ತೆ ಕರೆಂಟಿಗೆ ಬರೋಣ, ಏಕೆಂದರೆ ರೋಗದ ಬೇರು ಅಲ್ಲಿದೆ. ರಾತ್ರಿ ಏಕೆ ಕೊಡುತ್ತಾರೆ? ಹಿಂದೆ ಇದಕ್ಕೊಂದು ಕಾರಣವಿತ್ತು. ಕಲ್ಲಿದ್ದಲಿನ ಸ್ಥಾವರಗಳನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹೊತ್ತಿಸುವಂತಿಲ್ಲ. ಊರು ಮಲಗಿದಾಗ ಬೇಡಿಕೆ ಇಳಿಯುತ್ತದೆ, ಉಳಿದ ವಿದ್ಯುತ್ತನ್ನು ರೈತನ ಕೊರಳಿಗೆ ಕಟ್ಟುತ್ತಾರೆ. ಪೇಟೆ ಉಂಡು ಬಿಟ್ಟದ್ದು ಹಳ್ಳಿಗೆ. ಅದು ನ್ಯಾಯವಲ್ಲದಿದ್ದರೂ ಲೆಕ್ಕಕ್ಕೆ ಸಿಗುವಂಥದ್ದಾಗಿತ್ತು. ಇಂದು ಆ ಲೆಕ್ಕವೇ ತಿರುಗಿದೆ. ನಮ್ಮದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಸೌರ ಉದ್ಯಾನವಿದೆ, 2018ರಲ್ಲಿ ಉದ್ಘಾಟನೆಯಾಯಿತು. ಸೂರ್ಯ ರಾತ್ರಿ ಪಾಳಿ ಮಾಡುವುದಿಲ್ಲ. ಅಲ್ಲಿ ಹುಟ್ಟುವುದೆಲ್ಲ ಹಗಲಿನ ವಿದ್ಯುತ್ತು. ಜಿಲ್ಲೆಯ ಒಂದು ತುದಿಯಲ್ಲಿ ಹಗಲಿಡೀ ಬಿಸಿಲು ವಿದ್ಯುತ್ತಾಗುತ್ತಿರುವಾಗ ಇನ್ನೊಂದು ತುದಿಯಲ್ಲಿ ಮಂಡಿ ಸವೆದ ಮುದುಕ ನಡುರಾತ್ರಿ ಮೋಟಾರು ಹಾಕಲು ಹೋಗುತ್ತಾನೆ. ಇದನ್ನು ನೋಡಿಯೂ ಅವನಿಗೆ ಜಾಯಿಕಾಯಿ ಶಿಫಾರಸು ಮಾಡುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ.

ಅಸಾಧ್ಯವೆಂದು ಹೇಳಬೇಡಿ. ಗುಜರಾತ್ 2020ರ ಅಕ್ಟೋಬರಿನಲ್ಲಿ ‘ಕಿಸಾನ್ ಸೂರ್ಯೋದಯ’ ಎಂಬ ಯೋಜನೆ ಆರಂಭಿಸಿ ಬೆಳಗಿನ 5ರಿಂದ ರಾತ್ರಿ 9ರ ನಡುವೆಯೇ ನೀರಾವರಿಗೆ ವಿದ್ಯುತ್ ಕೊಡುವ ಮಾತು ಕೊಟ್ಟಿತು. ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರದು. ಅದರ ‘ಸಿ’ ಭಾಗದಲ್ಲಿ ಸಬ್‌ಸ್ಟೇಷನ್ನಿನ ಬಳಿಯೇ ಸೌರ ಘಟಕ ಹಾಕಿ ಕೃಷಿ ಫೀಡರಿಗೆ ಹಗಲು ವಿದ್ಯುತ್ ಕೊಡಬಹುದು. ನಮ್ಮ ರಾಜ್ಯದಲ್ಲೂ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂಥ ಘಟಕಕ್ಕೆ ಚಾಲನೆ ಸಿಕ್ಕಿತು. ಗೌರಿಬಿದನೂರಿನ ಮೇಲೆ ಹೊಳೆಯುವ ಸೂರ್ಯನೇ ಶೆಟ್ಟಿಕೆರೆ, ಹುಳಿಯಾರು, ಕಂದಿಕೆರೆಗಳ ಮೇಲೂ ಹೊಳೆಯುತ್ತಾನೆ.

ಆಟೋ ಸ್ಟಾರ್ಟರ್ ಹಾಕಿಕೊಳ್ಳಲಿ ಎನ್ನುವವರಿದ್ದಾರೆ. ಕರೆಂಟು ಬಂದೊಡನೆ ಎಲ್ಲ ಮೋಟಾರುಗಳೂ ಒಟ್ಟಿಗೆ ಹೊರಟರೆ ಟ್ರಾನ್ಸ್‌ಫಾರ್ಮರು ಸುಡುತ್ತದೆಂದು ಹೇಳುವವರೂ ಅವರೇ. ಉಚಿತವಾಗಿ ಪಡೆಯುವವನು ಹೊತ್ತು ಕೇಳಬಾರದು ಎನ್ನುವವರಿಗಂತೂ ಒಂದೇ ಮಾತು: ಸರ್ಕಾರಿ ಶಾಲೆಯೂ ಉಚಿತವೇ. ನಾವು ಅದನ್ನು ನಡುರಾತ್ರಿ ನಡೆಸಲಿಲ್ಲ.

ನನ್ನ ಶಿಷ್ಯರಲ್ಲಿ ಕೆಲವರು ವಿದ್ಯುತ್ ಇಲಾಖೆಯಲ್ಲಿದ್ದೀರಿ. ಪಾಳಿಯ ಪಟ್ಟಿ ತಯಾರಿಸುವಾಗ ನಿಮ್ಮ ಮಾತು ನಡೆಯುವ ಮಟ್ಟಿಗಾದರೂ ನಿಮ್ಮಪ್ಪನ ವಯಸ್ಸನ್ನು ನೆನೆದು ಬರೆಯಿರಿ. ಊರಿನಲ್ಲಿರುವವರು ಗ್ರಾಮಸಭೆಯಲ್ಲಿ ವಿಷಯ ಎತ್ತಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರದ ಅರ್ಜಿಗಳ ಮೇಲೆ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯಾವ ಗ್ರಾಹಕನಾದರೂ ಮಾತಾಡಬಹುದು, ನಮ್ಮ ಕಡೆಯಿಂದಲೂ ಯಾರಾದರೂ ಹೋಗಿ ಮಾತಾಡಲಿ. ಬೆಂಗಳೂರಿನಿಂದ ಅಪ್ಪನಿಗೆ ಮೃದುವಾದ ದಿಂಬು ಕಳಿಸಿದವರೇ, ದಿಂಬಿರಲಿ. ಮುಂದಿನ ಸಲ ಬಂದಾಗ ಒಂದು ಅರ್ಜಿ ಬರೆದು ನಿಮ್ಮ ಫೀಡರಿನ ತೋಟದವರೆಲ್ಲರ ಸಹಿ ಹಾಕಿಸಿ. ಪ್ರತಿ ಹೆಸರಿನ ಮುಂದೆ ಆರ್.ಆರ್. ನಂಬರು, ವಯಸ್ಸು, ಕಳೆದ ಮೂರು ತಿಂಗಳಲ್ಲಿ ಎಷ್ಟು ರಾತ್ರಿ ಎದ್ದು ಹೋಗಬೇಕಾಯಿತೆಂಬ ಲೆಕ್ಕ, ಇಷ್ಟಿರಲಿ. ಕರಡು ಮಾಡಿ ತಂದರೆ ಕಾಗುಣಿತ ನಾನು ತಿದ್ದಿಕೊಡುತ್ತೇನೆ.