ಗೂಢಲಿಪಿ ಗುಬ್ಬಿಯ ಮಕ್ಕಳಿಗೆ ಭಾರವೇ?

ಗುಬ್ಬಿ, ಕುಣಿಗಲ್‌ನ ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಗೂಢಲಿಪಿಯ ಗಣಿತ ಕಬ್ಬಿಣದ ಕಡಲೆ, ಅದರ ಇತಿಹಾಸ ಪರದೇಶದ್ದು, ಕಂಪ್ಯೂಟರ್ ಕೌಶಲವಷ್ಟೇ ಸಾಕು ಎಂಬುದು ಈಚೆಗೆ ಪ್ರಕಟವಾದ ಲೇಖನವೊಂದರ ವಾದ. ಉದ್ಯೋಗದ ಕಾಳಜಿ ಸರಿ, ಉಳಿದದ್ದು ಒಪ್ಪತಕ್ಕದ್ದಲ್ಲ.

1977ರ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನು ಕರಿಹಲಗೆಯ ಮೇಲೇ ಮಾಡಿಸಬಹುದು. 3 ಮತ್ತು 11ರ ಗುಣಲಬ್ಧ 33. ಸಂದೇಶ 4 ಎನ್ನಿ. ಅದರ ಘನ 64. 33ರಿಂದ ಭಾಗಿಸಿದರೆ ಶೇಷ 31. ಗುಟ್ಟಿನ ಸಂಖ್ಯೆ ಇದೇ. 31ನ್ನು ಏಳನೇ ಘಾತಕ್ಕೇರಿಸಿ ಮತ್ತೆ 33ರಿಂದ ಭಾಗಿಸಿ: ಶೇಷ 4! (31ರ ಬದಲು ಋಣ 2 ಇಟ್ಟರೆ ಬಾಯಿಲೆಕ್ಕ.) ಹೈಸ್ಕೂಲಿನ ಭಾಗಾಕಾರಕ್ಕಿಂತ ಹೆಚ್ಚೇನು ಬೇಕಾಯಿತು?

ಪರದೇಶದ್ದೇ? ಕನ್ನಡದ ಸಿರಿಭೂವಲಯದಲ್ಲಿ 27 ಅಡ್ಡಸಾಲು, 27 ಕಂಬಸಾಲಿನ ಚಕ್ರಗಳಿವೆ. 1ರಿಂದ 64ರ ಅಂಕಿಗಳೇ ಅಲ್ಲಿ ಅಕ್ಷರ. ಕೃತಿಯ ಕಾಲದ ಬಗ್ಗೆ ತಕರಾರಿದೆ. ತರಗತಿಗೆ ಅದೂ ಒಳ್ಳೆಯ ಸರಕೇ.

ಇನ್ನು ಕೌಶಲ. ತುಮಕೂರಿನ ಅಂಗಡಿಗಳ ಯುಪಿಐ ಪಾವತಿಯನ್ನು ಕಾಯುವುದು ಇಂಥ ಗಣಿತವೇ. ಇದನ್ನು ಬಿಟ್ಟು ಕಂಪ್ಯೂಟರ್ ಭದ್ರತೆ ಕಲಿಸುವುದು ಹೇಗೆಂದು ಲೇಖಕರೇ ಹೇಳಲಿ.