ನಾಯಿಗೆ ಟಾನಿಕ್ ತರೋ ಮುಂಚೆ ಅದರ ತಟ್ಟೆ ನೋಡಿ

ತೆಂಗಿನ ನುಸಿ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ನಾಯಿ ವಿಷಯ. ನಗಬೇಡಿ, ಪೂರ್ತಿ ಓದಿ.

ಮೊನ್ನೆ ಹೊಸದುರ್ಗದಲ್ಲಿ ಹಸುವಿಗೆ ಜಂತಿನ ಔಷಧಿ ತರೋಕೆ ಅಂಗಡಿ ಮುಂದೆ ನಿಂತಿದ್ದೆ. ನನಗಿಂತ ಮುಂದೆ ಮೂರು ಜನ. ಅದರಲ್ಲಿ ಇಬ್ಬರು ನಾಯಿಗೆ ಅಂತ ವಿಟಮಿನ್ ಟಾನಿಕ್ ತಗೊಂಡ್ರು. ಒಬ್ಬರನ್ನ ಕೇಳ್ದೆ, ನಾಯಿಗೆ ಏನಾಗೈತಣ್ಣ ಅಂತ. "ಏನಿಲ್ಲ, ಸ್ವಲ್ಪ ಡಲ್ ಆಗೈತೆ, ಸರಿಯಾಗಿ ತಿಂತಿಲ್ಲ. ವಿಟಮಿನ್ ಕಮ್ಮಿ ಆಗಿರ್ಬೇಕು" ಅಂದ್ರು. ಡಾಕ್ಟ್ರಿಗೆ ತೋರಿಸಿದ್ರಾ ಅಂದೆ. "ನಾಯೀನೆಲ್ಲ ಯಾರ್ ಕರ್ಕೊಂಡ್ ಹೋಗ್ತಾರೆ ಬಿಡಪ್ಪ, ಒಂದು ಬಾಟ್ಲಿ ಕುಡಿಸಿದ್ರೆ ಎದ್ದು ಕೂರುತ್ತೆ."

ಇದೇ ಮಾತನ್ನ ಎರಡು ವರ್ಷದ ಹಿಂದೆ ನಾನೂ ಆಡಿದ್ದೆ. ನಮ್ಮ ತೋಟದಲ್ಲಿ ಕರಿಯ ಅಂತ ಒಂದು ನಾಯಿ ಇತ್ತು. ಆರು ವರ್ಷ ಕಾದಿದ್ದ. ಕರಡಿ ಬಂದ ರಾತ್ರಿ ಮನೆ ಬಾಗಿಲವರೆಗೂ ಬಂದು ಎಬ್ಬಿಸಿದ ನಾಯಿ ಅದು. ಒಂದಿನ ಮುದ್ದೆ ಬಿಟ್ಟ. ಮೂಲೆ ಹಿಡಿದು ಮಲಗಿದ. ನಾನು ಪೇಟೆಗೆ ಹೋಗಿ ಅಂಗಡಿಯವರು ಕೊಟ್ಟ ಲಿವರ್ ಟಾನಿಕ್ 210 ರೂಪಾಯಿ ಕೊಟ್ಟು ತಂದೆ. ಒಂಬತ್ತು ದಿನ ಕುಡಿಸಿದೆ. ಮಧ್ಯೆ ಎರಡು ದಿನ ಸ್ವಲ್ಪ ತಿಂದ, ಟಾನಿಕ್ ಕೆಲಸ ಮಾಡ್ತು ಅಂತ ಖುಷಿಪಟ್ಟೆ. ಹತ್ತನೇ ದಿನ ಮೂಗಲ್ಲಿ ರಕ್ತ. ಆಗ ಎತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟ್ರು ತುಟಿ ಎತ್ತಿ ಒಸಡು ನೋಡಿದ್ರು, ಸುಣ್ಣ ಬಳಿದ ಗೋಡೆ ಥರ ಬೆಳ್ಳಗಿತ್ತು. ಕಿವಿಯೊಳಗೆ ಕೈ ಹಾಕಿದ್ರೆ ಉಣ್ಣೆ ಗೊಂಚಲು ಗೊಂಚಲಾಗಿ ಕಚ್ಚಿಕೊಂಡಿದ್ವು. ರಕ್ತ ಪರೀಕ್ಷೆಯಲ್ಲಿ ಉಣ್ಣೆಯಿಂದ ಬರೋ ಜ್ವರ ಅಂತ ಬಂತು, ಎರ್ಲಿಕಿಯಾ ಅಂತಾರೆ. ಮೊದಲ ವಾರದಲ್ಲೇ ತಂದಿದ್ರೆ ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ ಕೊಟ್ಟು ಉಳಿಸಬಹುದಿತ್ತೇನೋ ಅಂದ್ರು. ಎರಡು ದಿನಕ್ಕೆ ಹೋದ.

ಕರಿಯನಿಗೆ ವಿಟಮಿನ್ ಕಮ್ಮಿ ಆಗಿರಲಿಲ್ಲ. ಆ ಒಂಬತ್ತು ದಿನ ಕಮ್ಮಿ ಆದವು. ಟಾನಿಕ್ ಅವನನ್ನ ಕೊಲ್ಲಲಿಲ್ಲ, ನಾನು ಆಸ್ಪತ್ರೆಗೆ ಹೋಗೋದನ್ನ ತಡೀತು, ಅಷ್ಟೇ. ನಾಯಿ ಮಂಕಾದ್ರೆ ಅದಕ್ಕೆ ಉಣ್ಣೆ ಜ್ವರ ಇರಬಹುದು, ಹೊಟ್ಟೆಯಲ್ಲಿ ರಕ್ತ ಹೀರೋ ಕೊಕ್ಕೆಹುಳ ಇರಬಹುದು, ಇಲಿಪಾಷಾಣ ತಿಂದಿರಬಹುದು. ಮೂರರಲ್ಲೂ ಒಸಡು ಬಿಳಿಚಿಕೊಳ್ಳುತ್ತೆ. ಮೂರಕ್ಕೂ ನಾವು ಕೊಡೋದು ಅದೇ ಸಿಹಿ ಬಾಟಲಿ.

ಕರಿಯ ಹೋದಮೇಲೆ ನಾನು ಈ ವಿಟಮಿನ್ ಅಂದ್ರೇನು ಅಂತ ಡಾಕ್ಟ್ರ ತಲೆ ತಿಂದೆ. ಮಗಳ ಹತ್ರ ಇಂಗ್ಲಿಷ್‌ನಲ್ಲಿದ್ದದ್ದು ಓದಿಸಿದೆ. ತಿಳಿದದ್ದು ಬರೀತೀನಿ.

ಬೇಸಿಗೆಯಲ್ಲಿ ನಾಯಿಗೆ ನಿಂಬೆಹಣ್ಣಿನ ನೀರು ಕುಡಿಸೋರಿದಾರೆ, ಸಿ ವಿಟಮಿನ್ ಬೇಕು ಅಂತ. ನಾಯಿ ತನ್ನ ಲಿವರಲ್ಲಿ ತಾನೇ ಸಿ ವಿಟಮಿನ್ ಮಾಡ್ಕೊಳ್ಳುತ್ತೆ. ಮಾಡ್ಕೊಳ್ಳೋಕೆ ಬರದೇ ಇರೋದು ನಮಗೆ, ನಮ್ಮ ತೆಂಗಿನ ಮರದ ಮೇಲಿರೋ ಕೋತಿಗೆ. ಕೋತಿ ಓಡಿಸೋ ನಾಯಿಗೆ ಅದರ ಚಿಂತೆ ಇಲ್ಲ.

ಇನ್ನೊಂದು, ಮರೀನ ಬಿಸಿಲಲ್ಲಿ ಕಟ್ಟಿದ್ರೆ ಡಿ ವಿಟಮಿನ್ ಸಿಗುತ್ತೆ ಅನ್ನೋದು. ಮನುಷ್ಯನಿಗೆ ಸರಿ. ನಾಯಿ ಚರ್ಮ ಬಿಸಿಲಿನಿಂದ ಸಾಕಾಗೋವಷ್ಟು ಡಿ ಮಾಡಲ್ಲ, ಅದು ಆಹಾರದಲ್ಲೇ ಬರಬೇಕು. ಡಿ ವಿಟಮಿನ್ ಕಂಡುಹಿಡಿದ ಕಥೆಯಲ್ಲೂ ನಾಯಿಮರಿಗಳೇ ಇವೆ. 1919ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಅನ್ನೋ ವಿಜ್ಞಾನಿ ಮರಿಗಳನ್ನ ಬರೀ ಧಾನ್ಯದ ಗಂಜಿಯಂಥ ಆಹಾರದ ಮೇಲೆ ಸಾಕಿದ. ಕಾಲು ಸೊಟ್ಟಗಾದವು. ಕಾಡ್ ಮೀನಿನ ಲಿವರ್ ಎಣ್ಣೆ ಸೇರಿಸಿ ಸಾಕಿದ ಮರಿಗಳಿಗೆ ಏನೂ ಆಗಲಿಲ್ಲ. ನಮ್ಮಲ್ಲಿ ಮರಿ ಕಾಲು ಸೊಟ್ಟ ಆದ್ರೆ ಏನ್ ಮಾಡ್ತೀವಿ? ಕರು ಹಾಕಿದ ಹಸುವಿಗೆ ತಂದ ಕ್ಯಾಲ್ಸಿಯಂ ಡಬ್ಬದಿಂದ ಒಂದು ಮುಚ್ಚಳ ಹಾಲಿಗೆ ಸುರೀತೀವಿ. ಅದು ನಾನೂರು ಕೆಜಿ ಹಸುವಿನ ಲೆಕ್ಕಕ್ಕೆ ಮಾಡಿದ್ದು ಸ್ವಾಮಿ. ನಮ್ಮ ಪಕ್ಕದ ಊರಲ್ಲಿ ಒಬ್ಬರು ಸಿಟಿಯಿಂದ ದೊಡ್ಡ ಜಾತಿ ಮರಿ ತಂದು ಹೀಗೇ ಸುರಿದ್ರು. ಕಾಲು ಬಗ್ಗಿತು. ಇನ್ನೂ ಸಾಲದು ಅಂತ ಇನ್ನೂ ಸುರಿದ್ರು. ದೊಡ್ಡ ಜಾತಿ ಎಳೆ ಮರಿಗಳ ಕರುಳಿಗೆ ಬೇಡದ ಕ್ಯಾಲ್ಸಿಯಮ್ಮನ್ನ ತಡೆಯೋ ಶಕ್ತಿ ಇರಲ್ಲ, ಕೊಟ್ಟಷ್ಟೂ ಒಳಗೆ ಹೋಗಿ ಮೂಳೆ ಕೆಡಿಸುತ್ತೆ. ಜೊತೆಗೆ ಎ, ಡಿ ಎರಡೂ ಕೊಬ್ಬಲ್ಲಿ ಕರಗೋ ವಿಟಮಿನ್ನು. ಹೆಚ್ಚಾದ್ರೆ ಮೂತ್ರದಲ್ಲಿ ಹೋಗಲ್ಲ, ಮೈಯಲ್ಲೇ ಕೂರುತ್ತೆ. ಡಿ ಅತಿಯಾದ್ರೆ ಕಿಡ್ನಿ ಹಾಳು.

ಇಷ್ಟು ಬರೆದ ಕೂಡಲೇ ಕೆಲವರು ಕೆಳಗೆ ಬರೀತಾರೆ ಅಂತ ಗೊತ್ತು: "ನಮ್ಮಜ್ಜನ ಕಾಲದ ನಾಯಿಗೆ ಯಾವ ವಿಟಮಿನ್ ಇತ್ತು? ಮುದ್ದೆ ತಿಂದು ಹನ್ನೆರಡು ವರ್ಷ ಬದುಕ್ತಿರಲಿಲ್ವಾ?" ನನ್ನ ನಿಜವಾದ ಜಗಳ ಇರೋದು ಇವರ ಜೊತೆ.

ನಿಮ್ಮಜ್ಜನ ನಾಯಿ ಮುದ್ದೆ ಮಾತ್ರ ತಿಂತಿತ್ತು ಅಂತ ಯಾರು ಹೇಳಿದ್ರು? ನಾವು ಹಾಕಿದ್ದು ಮುದ್ದೆ. ಅದು ತಿಂದದ್ದು ಬೇರೆ. ಹೊಲದಲ್ಲಿ ಇಲಿ ಹಿಡೀತಿತ್ತು, ಹೆಗ್ಗಣ ಹಿಡೀತಿತ್ತು, ಮೊಲದ ಹಿಂದೆ ಓಡ್ತಿತ್ತು, ಕುರಿ ಮರಿ ಹಾಕಿದಾಗ ಕಸ ಎಳ್ಕೊಂಡು ಹೋಗ್ತಿತ್ತು. ಒಂದು ಇಲಿ ಅಂದ್ರೆ ಲಿವರ್, ಮೂಳೆ, ಕೊಬ್ಬು ಎಲ್ಲ ಸೇರಿದ ಪೂರ್ತಿ ಊಟ. ಅದಕ್ಕೆ ಬೇಕಾದ ವಿಟಮಿನ್ ಅದೇ ಹುಡುಕ್ಕೊಳ್ತಿತ್ತು. ಈಗ? ಚಿರತೆ ಎತ್ಕೊಂಡು ಹೋಗುತ್ತೆ ಅಂತ, ಪಕ್ಕದವರ ಕೋಳಿ ಹಿಡಿಯುತ್ತೆ ಅಂತ, ಡ್ರಿಪ್ ಪೈಪ್ ಕಡಿಯುತ್ತೆ ಅಂತ ಚೈನು ಹಾಕಿ ಮೋಟರ್ ಮನೆ ಹತ್ರ ಕಟ್ಟಿದೀವಿ. ಕಟ್ಟಿದ್ದು ತಪ್ಪು ಅನ್ನಲ್ಲ, ನಾನೂ ಕಟ್ಟಿದೀನಿ. ಆದರೆ ಚೈನು ಹಾಕಿದ ದಿನದಿಂದ ಅದರ ಹೊಟ್ಟೆಗೆ ಹೋಗೋದೆಲ್ಲ ನಮ್ಮ ಕೈಯಿಂದಲೇ ಹೋಗಬೇಕು. ಅಲ್ಲಿ ನಾವು ಹಾಕ್ತಿರೋದು ರೇಷನ್ ಅಕ್ಕಿ ಅನ್ನ, ಮೇಲೆ ತಿಳಿ ಸಾರು. ಪಾಲಿಶ್ ಆದ ಆ ಅಕ್ಕಿಯಲ್ಲಿ ಬಿ ವಿಟಮಿನ್ ತವುಡಿನ ಜೊತೆಗೇ ಮಿಲ್ಲಲ್ಲಿ ಉಳೀತು.

ಮುದ್ದೆಯನ್ನ ನಾನು ಬೈಯಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಒಂದಾಣೆ ಭಾಗವೂ ಇಲ್ಲ. ಆದರೆ ರಾಗಿಯಲ್ಲಿ ಡಿ ಇಲ್ಲ, ಬಿ12 ಇಲ್ಲ, ಪ್ರೋಟೀನು ಕಮ್ಮಿ. ಈಗ ನಮ್ಮ ಕಡೆ ಮೆಕ್ಕೆಜೋಳ ಜಾಸ್ತಿ ಆದಮೇಲೆ ಕೆಲವರು ಅದರ ನುಚ್ಚು ಬೇಯಿಸಿ ನಾಯಿಗೆ ಹಾಕ್ತಾರೆ. ಬರೀ ಅದನ್ನೇ ತಿಂಗಳುಗಟ್ಟಲೆ ಹಾಕಿದ್ರೆ ನಾಯಿಗೆ ಕಪ್ಪು ನಾಲಿಗೆ ಅನ್ನೋ ಕಾಯಿಲೆ ಬರುತ್ತೆ. ಬಾಯಿ ಹುಣ್ಣಾಗಿ ಕೊಳೆತ ವಾಸನೆ, ಜೊಲ್ಲು, ರಕ್ತ ಭೇದಿ. ಮೆಕ್ಕೆಜೋಳ ತಿಂದು ಬದುಕ್ತಿದ್ದ ಅಮೆರಿಕದ ಬಡವರಿಗೆ ಪೆಲ್ಲಾಗ್ರಾ ಅಂತ ಬರ್ತಿದ್ದದ್ದೂ ಇದೇ. 1937ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಎಲ್ವೆಜೆಮ್ ಅನ್ನೋರು ಕಪ್ಪು ನಾಲಿಗೆ ನಾಯಿಗಳಿಗೆ ನಿಕೋಟಿನಿಕ್ ಆಮ್ಲ ಕೊಟ್ಟು ವಾಸಿ ಮಾಡಿದ್ರು. ಅದು ಬಿ ಗುಂಪಿನ ಒಂದು ವಿಟಮಿನ್, ನಿಯಾಸಿನ್ ಅಂತಾರೆ. ಆಮೇಲೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಜೊತೆಯವರು, ಜೋಳವನ್ನೇ ನೆಚ್ಚಿಕೊಂಡ ನಮ್ಮ ಈ ಬಯಲುಸೀಮೆ ಕಡೆಯ ಜನರಲ್ಲೂ ಪೆಲ್ಲಾಗ್ರಾ ನೋಡಿ, ಅದನ್ನ ನಾಯಿಗಳಲ್ಲೂ ಪರೀಕ್ಷೆ ಮಾಡಿದ್ರು. ಅಂದ್ರೆ ಮನುಷ್ಯನಿಗೆ ಯಾವ ವಿಟಮಿನ್ ಬೇಕು ಅಂತ ನಾಯಿ ಸತ್ತು ತೋರಿಸಿಕೊಟ್ಟಿದೆ. ನಾವು ಅದಕ್ಕೆ ಒಂದು ಮೊಟ್ಟೆ ಹಾಕೋಕೆ ಹಿಂದೆಮುಂದೆ ನೋಡ್ತೀವಿ.

ಮೊಟ್ಟೆ ಅಂದ ಕೂಡಲೇ ನಮ್ಮಂಥವರ ಮನೆ ಸಮಸ್ಯೆ. ನಮ್ಮನೇಲಿ ಮೊಟ್ಟೆ ಒಳಗೆ ತರಲ್ಲ. ನಾನು ಮೋಟರ್ ಮನೆ ಹಿಂದೆ ಮೂರು ಕಲ್ಲಿಟ್ಟು, ಹಳೇ ಡಬ್ಬದಲ್ಲಿ, ತೆಂಗಿನ ಚಿಪ್ಪಿನ ಉರಿಯಲ್ಲಿ ಬೇಯಿಸ್ತೀನಿ. ಮನೆಯವಳು ಮೊದಮೊದಲು ಮುಖ ಸಿಂಡರಿಸಿದಳು, ಈಗ ಅವಳೇ "ಇವತ್ತು ನಾಯಿದು ಆಯ್ತಾ" ಅಂತ ಕೇಳ್ತಾಳೆ. ಕಚ್ಚಾ ಹಾಕಬೇಡಿ. ಹಸಿ ಬಿಳಿಭಾಗದಲ್ಲಿರೋ ಒಂದು ಅಂಶ ಬಯೋಟಿನ್ ಅನ್ನೋ ವಿಟಮಿನ್ನನ್ನ ಹಿಡಿದಿಟ್ಟು ಮೈಗೆ ಹತ್ತದಂಗೆ ಮಾಡುತ್ತೆ, ಬೇಯಿಸಿದ್ರೆ ಆ ಅಂಶ ಸಾಯುತ್ತೆ. ಹದಿನೈದು-ಇಪ್ಪತ್ತು ಕೆಜಿ ನಾಯಿಗೆ ದಿನ ಬಿಟ್ಟು ದಿನ ಒಂದು ಸಾಕು. ಹಳದಿಯಲ್ಲಿ ಎ ಇದೆ, ಡಿ ಇದೆ, ಬಿ12 ಇದೆ. 210 ರೂಪಾಯಿಗೆ ಎಷ್ಟು ಮೊಟ್ಟೆ ಬರುತ್ತೆ ನೀವೇ ಲೆಕ್ಕ ಹಾಕಿ.

ಮಾಂಸ ತಿನ್ನೋ ಮನೆಯವರು ವಾರಕ್ಕೊಂದು ಸಲ ಒಂದು ಕೋಳಿ ಲಿವರ್ ಬೇಯಿಸಿ ಹಾಕಿ. ದಿನಾ ಬೇಡ, ಎ ವಿಟಮಿನ್ ಅತಿಯಾಗುತ್ತೆ. ಬೆಂದ ಮೂಳೆ ಹಾಕಬೇಡಿ, ಸೀಳಿ ಕರುಳಿಗೆ ಚುಚ್ಚುತ್ತೆ. ಸಾರಿಗೆ ನುಗ್ಗೆಸೊಪ್ಪು ಹಾಕಿದ ದಿನ ಮುದ್ದೆಗೆ ಕಲಸಿ ಕೊಡಿ, ಸೊಪ್ಪಿನಿಂದ ನಾಯಿ ಎ ಮಾಡ್ಕೊಳ್ಳುತ್ತೆ. ಹುರುಳಿ ಬೇಯಿಸಿದ್ದು, ಮಜ್ಜಿಗೆ, ಮೊಸರು ಎಲ್ಲ ಒಳ್ಳೇದೇ. ಕೊಬ್ಬರಿ ಚೂರು ಹಾಕಿದ್ರೆ ಎಲ್ಲ ವಿಟಮಿನ್ ಸಿಗುತ್ತೆ ಅನ್ನೋದು ಸುಳ್ಳು, ತೆಂಗು ಬೆಳೆಯೋನಾಗಿ ನಾನೇ ಹೇಳ್ತಿದೀನಿ. ಈರುಳ್ಳಿ ಮಾತ್ರ ಬೇಡವೇ ಬೇಡ. ರೇಟು ಬಿದ್ದಾಗ ರಾಶಿ ರಾಶಿ ಉಳಿಯುತ್ತಲ್ಲ, ಅದನ್ನ ನಾಯಿ ಅನ್ನಕ್ಕೆ ಬೇಯಿಸಿ ಹಾಕೋರನ್ನ ನೋಡಿದೀನಿ. ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಪಾಕೀಟು ಆಹಾರ ಹಾಕೋ ಅನುಕೂಲಸ್ಥರು ಟಾನಿಕ್ ಮುಟ್ಟಬೇಡಿ, ಆ ಪಾಕೀಟಲ್ಲೇ ವಿಟಮಿನ್ ಬೆರೆಸಿರ್ತಾರೆ. ಗಬ್ಬದ ನಾಯಿಗೆ, ಕಾಯಿಲೆಯಿಂದ ಎದ್ದ ನಾಯಿಗೆ ಡಾಕ್ಟ್ರು ನೋಡಿ ಬರೆದುಕೊಟ್ರೆ ಅದು ಬೇರೆ ಮಾತು, ಕೊಡಿ.

ಬಾಟಲಿಯ ವಿಟಮಿನ್ನಿಗೆ ಇಷ್ಟು ಬೈದ ನಾನೇ ಒಂದು ವಿಟಮಿನ್ನಿಗೆ ಕೈ ಮುಗೀತೀನಿ. ಅದು ಕೆ. ತೆಂಗಿನ ಸುಳಿಗೆ ಇಲಿಗೆ ಅಂತ ನಾವು ಇಡೋ ಬ್ರೋಮಾಡಿಯೋಲೋನ್ ಬಿಲ್ಲೆ ಇದೆಯಲ್ಲ, ಅದು ಮೈಯಲ್ಲಿ ಕೆ ವಿಟಮಿನ್ ಕೆಲಸ ನಿಲ್ಲಿಸಿ ರಕ್ತ ಹೆಪ್ಪುಗಟ್ಟದಂಗೆ ಮಾಡಿ ಇಲಿ ಕೊಲ್ಲುತ್ತೆ. ಬಿಲ್ಲೆ ಕೆಳಗೆ ಬಿದ್ದು ನಾಯಿ ತಿಂದ್ರೆ, ಅಥವಾ ಅದನ್ನ ತಿಂದ ಇಲಿಗಳನ್ನ ನಾಯಿ ತಿಂದ್ರೆ ನಾಯಿಗೂ ಅದೇ ಗತಿ. ಮೋಸ ಏನಂದ್ರೆ ಅವತ್ತೇ ಏನೂ ಆಗಲ್ಲ. ಮೂರರಿಂದ ಐದು ದಿನ ಆದಮೇಲೆ ಮಂಕು, ಬಿಳೀ ಒಸಡು, ಕಪ್ಪು ಸಗಣಿಯಂಥ ಮಲ, ಮೂಗಲ್ಲಿ ರಕ್ತ. ಆಗ ನಾವು "ವಿಟಮಿನ್ ಕಮ್ಮಿ" ಅಂತೀವಿ. ಹೌದು, ಕೆ ಕಮ್ಮಿ. ಆದರೆ ಅದಕ್ಕೆ ಬೇಕಾದ್ದು ಕೆ1, ಡಾಕ್ಟ್ರು ಕೊಡೋದು, ಶುರು ಮಾಡಿದ್ರೆ ವಾರಗಟ್ಟಲೆ ಬಿಡದೆ ಕೊಡಬೇಕು. ಟಾನಿಕ್ ಬಾಟಲಿಯಿಂದ ಇದು ಆಗೋ ಕೆಲಸ ಅಲ್ಲ. ಜಿಂಕ್ ಫಾಸ್ಫೈಡ್ ಪುಡಿ ತಿಂದಿದ್ರೆ ಕೆ1 ಸಹ ಕೆಲಸ ಮಾಡಲ್ಲ, ಗಂಟೆಯೊಳಗೆ ಆಸ್ಪತ್ರೆಗೆ ಓಡಬೇಕು. ಅದಕ್ಕೇ ಇಲಿ ಔಷಧಿ ತಂದ ಕವರ್ ಬಿಸಾಕಬೇಡಿ, ಡಾಕ್ಟ್ರಿಗೆ ಹೆಸರು ತೋರಿಸೋಕೆ ಬೇಕಾಗುತ್ತೆ.

ನಮ್ಮ ತೋಟದಲ್ಲಿ ಈಗ ಕೆಂಚಿ ಅಂತ ಒಂದು ಹೆಣ್ಣು ನಾಯಿ ಇದೆ. ಮೂರು ತಿಂಗಳಿಗೊಮ್ಮೆ ಜಂತಿನ ಮಾತ್ರೆ, ವರ್ಷಕ್ಕೊಮ್ಮೆ ರೇಬೀಸ್ ಇಂಜೆಕ್ಷನ್, ಭಾನುವಾರ ಕಿವಿ, ಬೆರಳ ಸಂದಿ ಎಲ್ಲ ಹುಡುಕಿ ಉಣ್ಣೆ ಕೀಳೋದು, ತುಟಿ ಎತ್ತಿ ಒಸಡು ನೋಡೋದು. ಒಸಡು ಗುಲಾಬಿ ಬಣ್ಣ ಇರಬೇಕು. ಈ ವಾರ ನಾವು ಸುಳಿಗೆ ಇಲಿ ಬಿಲ್ಲೆ ಇಡ್ತಿದೀವಿ, ಹನ್ನೆರಡು ದಿನ ಬಿಟ್ಟು ಇನ್ನೊಂದು ಸಲ. ಹಳ್ಳದ ಆಚೆ ತೋಟದವರೆಲ್ಲ ಅಷ್ಟು ದಿನ ನಾಯಿ ಬಿಡಬೇಡಿ ಅಂತ ಫೋನ್ ಮಾಡ್ತಿದೀನಿ. ನಂಬರ್ ಇಲ್ಲದವರು ಇದನ್ನೇ ಫೋನ್ ಅಂದ್ಕೊಳ್ಳಿ. ನೀವು ಇಡೋವಾಗಲೂ ನಮಗೆ ಒಂದು ಮಾತು ತಿಳಿಸಿ.