ಕಾಲೇಜು ಆಸ್ಪತ್ರೆಯಲ್ಲಿ ಡಾಕ್ಟರುಗಳು ಕೈ ಪಳಗಿಸಿಕೊಳ್ಳುವುದು ರೋಗಿಯ ಮೇಲೆಯೇ?

"ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಬೇಡಿ, ಅಲ್ಲಿ ಕಲಿಯುವ ಹುಡುಗರು ನಿಮ್ಮ ಮೇಲೆ ಪ್ರಯೋಗ ಮಾಡುತ್ತಾರೆ" ಎಂಬ ಮಾತು ವಾಟ್ಸಾಪ್‌ನಲ್ಲೂ ಕೇಳುತ್ತೇವೆ, ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಇದು ಬರೀ ಹರಟೆಯಲ್ಲ. ದೊಡ್ಡ ಆಪರೇಷನ್ ಎಂದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಕಾರವಾರ, ಶಿವಮೊಗ್ಗ ಅಥವಾ ಮಣಿಪಾಲ. ಎಲ್ಲ ಕಡೆಯೂ ಮೆಡಿಕಲ್ ಕಾಲೇಜು ಇದ್ದೇ ಇದೆ. ಇಂಥ ಮಾತು ನಂಬಿ ಹರ್ನಿಯಾ ಆಪರೇಷನ್ ಮುಂದೂಡುತ್ತ ಹೋದರೆ, ಒಂದು ದಿನ ಕರುಳು ಸಿಕ್ಕಿಹಾಕಿಕೊಂಡು ರಕ್ತ ಓಡಾಟ ನಿಲ್ಲಬಹುದು. ಆಗ ಯಲ್ಲಾಪುರದಿಂದ ಹುಬ್ಬಳ್ಳಿಯ 70 ಕಿ.ಮೀ. ಬಹಳ ದೂರ.

ಹಾಗಾದರೆ ಸರ್ಜನ್‌ಗಳು ಎಲ್ಲಿ ಕಲಿಯುತ್ತಾರೆ?

ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಯನ್ನೇ ನೋಡಿ. ದೋಟಿ ಹಿಡಿದು ಅಡಿಕೆ ಕೊನೆ ಕೊಯ್ದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ: ಕೈ ಸ್ವಲ್ಪ ಅಲುಗಿದರೂ ತುದಿ ಎಲ್ಲೋ ಹೋಗುತ್ತದೆ. ಇಲ್ಲಿ ಇನ್ನೊಂದು ಪೇಚು. ಸಲಕರಣೆ ಚರ್ಮದ ತೂತಿನಲ್ಲಿ ತಿರುಗುವುದರಿಂದ ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ನೋಡುವುದು ಹೊಟ್ಟೆಯನ್ನಲ್ಲ, ಟಿವಿ ಪರದೆಯನ್ನು, ಆಳ ಗೊತ್ತಾಗುವುದಿಲ್ಲ.

ಇದನ್ನು ಪಳಗಿಸಲು ಬಾಕ್ಸ್ ಟ್ರೇನರ್ ಇದೆ. ಎರಡು ತೂತಿನ ಡಬ್ಬಿ, ಒಳಗೊಂದು ಕ್ಯಾಮೆರಾ. ಇಕ್ಕಳದಲ್ಲಿ 6 ಪುಟ್ಟ ತುಂಡುಗಳನ್ನು ಒಂದೊಂದಾಗಿ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ದಾಟಿಸಿ, ಆಚೆ ಬದಿಯ ಗೂಟಕ್ಕೆ ಹಾಕಬೇಕು; ಮತ್ತೆ ವಾಪಸ್ ತರಬೇಕು. ಗಡಿಯಾರ ಓಡುತ್ತಿರುತ್ತದೆ. ರಟ್ಟಿನ ಪೆಟ್ಟಿಗೆ ಮತ್ತು ಮೊಬೈಲ್ ಕ್ಯಾಮೆರಾದಲ್ಲೇ ಇದನ್ನು ಮಾಡಿಕೊಂಡು ಮನೆಯಲ್ಲಿ ಅಭ್ಯಾಸ ಮಾಡುವವರೂ ಇದ್ದಾರೆ. ದುಬಾರಿ ಬಗೆಯೆಂದರೆ ಕಂಪ್ಯೂಟರ್ ಸಿಮ್ಯುಲೇಟರ್: ತಪ್ಪು ಜಾಗ ಕತ್ತರಿಸಿದರೆ ಪರದೆಯಲ್ಲೇ ರಕ್ತ ಚಿಮ್ಮುತ್ತದೆ, ತಪ್ಪಿನ ಲೆಕ್ಕವೂ ಸಿಗುತ್ತದೆ. ಕಣ್ಣಿನ ಪೊರೆ ಆಪರೇಷನ್ ಕಲಿಯುವವರು ಮೇಕೆಯ ಕಣ್ಣಿನ ಮೇಲೂ ಕೈ ಪಳಗಿಸುತ್ತಾರೆ. ಬೆಂಗಳೂರಿನ ರಾಮಯ್ಯ ಸಂಸ್ಥೆಯಲ್ಲಿ ಇದಕ್ಕೆಂದೇ ಕಲಿಕಾ ಕೇಂದ್ರವಿದೆ. ಈಗ ದೇಶದ ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಸ್ಕಿಲ್ಸ್ ಲ್ಯಾಬ್ ಕಡ್ಡಾಯ. ಎಲ್ಲ ಕಡೆ ಅದು ಒಂದೇ ಮಟ್ಟದಲ್ಲಿರುತ್ತದೆ ಎಂದು ಮಾತ್ರ ಭಾವಿಸಬೇಡಿ.

ಉಪಾಯವೇನೂ ಹೊಸತಲ್ಲ. ಸೋರೆಕಾಯಿ, ಸೌತೆಕಾಯಿ ಕೊಯ್ದು, ಬಟ್ಟೆಯ ಮೇಲೆ ಹೊಲಿಗೆ ಹಾಕಿ, ಗೊಂಬೆಗೆ ಪಟ್ಟಿ ಕಟ್ಟಿ ಕಲಿಯಬೇಕೆಂದು ಸುಶ್ರುತ ಸಂಹಿತೆಯಲ್ಲೇ ಒಂದು ಅಧ್ಯಾಯವಿದೆ. ಹಾಗೆಂದು "ಸಿಮ್ಯುಲೇಟರ್ ಕಂಡುಹಿಡಿದವರು ನಾವೇ" ಎಂದು ಫಾರ್ವರ್ಡ್ ಮಾಡಬೇಡಿ ಮಾರಾಯ್ರೆ. ಅದು ಬೇರೆ ಮಾತು.

ಇದರಿಂದ ನಿಜಕ್ಕೂ ಉಪಯೋಗ ಇದೆಯೇ? 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಪ್ರಕಟವಾಯಿತು. ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿದ ಕಿರಿಯ ಸರ್ಜನ್‌ಗಳು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು 29 ಶೇಕಡಾ ಬೇಗ ಮುಗಿಸಿದರು. ಅಭ್ಯಾಸವಿಲ್ಲದವರ ತಪ್ಪುಗಳು ಸುಮಾರು 6 ಪಟ್ಟು ಹೆಚ್ಚಿದ್ದವು. ಇದ್ದವರು 16 ಮಂದಿ ಮಾತ್ರ, ಅದೂ ನೆನಪಿರಲಿ.

ಫಾರ್ವರ್ಡಿನಲ್ಲಿ ಒಂದಿಷ್ಟು ನಿಜವೂ ಇದೆ. ಡಬ್ಬಿಯಲ್ಲಿ ಕೈ ಪಳಗುತ್ತದೆ, ಆದರೆ ಅನಿರೀಕ್ಷಿತ ರಕ್ತಸ್ರಾವ ಕಂಡಾಗ ತೀರ್ಮಾನ ತೆಗೆದುಕೊಳ್ಳುವುದನ್ನು ಥಿಯೇಟರಿನಲ್ಲೇ ಕಲಿಯಬೇಕು. ಅಲ್ಲಿ ಕಿರಿಯರು ಮೊದಲು ಸಹಾಯಕರಾಗಿ ನಿಂತು, ಹಿರಿಯರ ಎದುರಲ್ಲೇ ಹಂತಹಂತವಾಗಿ ಕೆಲಸ ಕಲಿಯುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು "ಆಪರೇಷನ್ ಯಾರು ಮಾಡುತ್ತಾರೆ, ಪಕ್ಕದಲ್ಲಿ ಹಿರಿಯ ಡಾಕ್ಟರ್ ಯಾರಿರುತ್ತಾರೆ?" ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಬಹುದು, ಖಾಸಗಿಯಲ್ಲೂ ಕೇಳಬಹುದು.